ಕಲ್ಲೋಳಿ ರಸ್ತೆಯ ರೋಜಾ ಓಟ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚಿದಾಗ ಏಳುವ ಹೊಗೆಯಲ್ಲಿ ಸುಟ್ಟ ಹುಲ್ಲಿನ ಘಾಟಿನ ಜೊತೆ ಒಂದಿಷ್ಟು ಬೆಲ್ಲದ ವಾಸನೆಯೂ ಇರುತ್ತದೆ. ಕಳೆದ ಜನವರಿಯಲ್ಲಿ ಗೋಕಾಕದಿಂದ ಮೂಡಲಗಿಗೆ ಹೊರಟ ಬಸ್ಸಿನಲ್ಲಿ ಕೂತಿದ್ದಾಗ, ಕಲ್ಲೋಳಿಯ ಹತ್ತಿರ ಆ ಹೊಗೆ ಕಿಟಕಿಯಿಂದ ಒಳಗೆ ಬಂತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ.

ನಾನು ಹೊರಟಿದ್ದು ದಸ್ತಗೀರನ ಮಗಳ ಮದುವೆಗೆ. ಊಟದ ಹೊತ್ತಿಗೆ ಅವನು ಬಂದು ಪಕ್ಕದಲ್ಲಿ ಕೂತ. ಗಡ್ಡ ಬೆಳ್ಳಗಾಗಿದೆ, ಹೊಟ್ಟೆ ಮಾತ್ರ ಇನ್ನೂ ಬಂದಿಲ್ಲ.

"ಸರ, ಆ ರೋಜಾ ಓಟದ ಸುದ್ದಿ ಈಗ ಬರೀರಿ," ಅಂದ. "ಮಾಸ್ತರ ಇದ್ದಾಗ ಬರೆದಿದ್ರ ಸಿಟ್ಟಾಗ್ತಿದ್ರು. ಈಗ ಸಿಟ್ಟಾಗಾಕ ಅವರಿಲ್ಲ. ಖರೆ, ಅವರದ್ದು ಬಿಟ್ಟು ಬರೀ ನಂದಷ್ಟಽ ಬರೀಬ್ಯಾಡ್ರಿ."

ಆ ಓಟದ ಬಗ್ಗೆ ನಾನು ಆಗ ಬರೆದದ್ದು ಮೂರೇ ಸಾಲು. ಎಲ್ಲಿಂದ ಎಲ್ಲಿಗೆ, ಯಾರು ಮೊದಲು, ಯಾರು ಎರಡನೆಯವರು. ಮೂರು ಸಾಲಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಚಳಿಗಾಲ ನಾನು ಕಂಡದ್ದು ಯಾವುದೂ ಅದರಲ್ಲಿ ಇರಲಿಲ್ಲ.

ತೊಂಬತ್ತೆಂಟು ಮುಗಿದು ತೊಂಬತ್ತೊಂಬತ್ತು ಶುರುವಾಗುವ ಹೊತ್ತು. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನೊಳಗೇ ಇತ್ತು. ನಾನು ಗೋಕಾಕದಲ್ಲಿದ್ದುಕೊಂಡು ಒಂದು ಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ಸುದ್ದಿಯಾದರೆ ಫ್ಯಾಕ್ಸು, ಫೋಟೋ ಇದ್ದರೆ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಲಕೋಟೆ. ಕಬ್ಬಿನ ಹಂಗಾಮು ಜೋರಾಗಿತ್ತು. ರಾತ್ರಿಯಾದರೂ ರಸ್ತೆ ಮಲಗುತ್ತಿರಲಿಲ್ಲ. ಕಾರ್ಖಾನೆಗೆ ಹೋಗುವ ಎತ್ತಿನ ಗಾಡಿಗಳು, ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಆ ವರ್ಷ ರಂಜಾನ್ ತಿಂಗಳ ರೋಜಾ ಉಪವಾಸ ಡಿಸೆಂಬರಿನ ಕೊನೆಗೆ, ಥಂಡಿಯ ನಡುವೆ ಶುರುವಾಗಿತ್ತು.

ಒಂದು ರಾತ್ರಿ ಮೂಡಲಗಿಯಲ್ಲಿ ಸಭೆಯೊಂದನ್ನು ಮುಗಿಸಿ ಮೋಟಾರ್ ಸೈಕಲ್ ಮೇಲೆ ಗೋಕಾಕಕ್ಕೆ ಮರಳುತ್ತಿದ್ದೆ. ಕಲ್ಲೋಳಿಗಿಂತ ಸ್ವಲ್ಪ ಈಚೆಗೆ ಕಬ್ಬಿನ ಗಾಡಿಗಳು ನಿಂತುಬಿಟ್ಟಿದ್ದವು. ಮುಂದಿನ ಗಾಡಿಯವನು ಕೆಳಗಿಳಿದು ಒಬ್ಬ ತರುಣನ ರಟ್ಟೆ ಹಿಡಿದಿದ್ದ. ತರುಣ ಏದುಸಿರು ಬಿಡುತ್ತಲೇ ನಗುತ್ತಿದ್ದ. ಹಿಂದಿನಿಂದ ಡೈನಮೊ ದೀಪದ ಸೈಕಲ್ಲೊಂದು ಬಂತು. ಅದರ ಮೇಲೆ ಮಫ್ಲರ್ ಸುತ್ತಿಕೊಂಡ, ಐವತ್ತರ ಆಸುಪಾಸಿನ ಮನುಷ್ಯ.

"ಹಿಡದೇನಿ ನೋಡ್ರಿ ಮಾಸ್ತರ," ಅಂದ ಗಾಡಿಯವನು. "ಏನ ಕದ್ದಾನ?"

"ಏನೂ ಕದ್ದಿಲ್ಲೋ ಮಾರಾಯಾ, ಬಿಡ ಅವನ್ನ. ಓಡಂತ ನಾನಽ ಹೇಳೇನಿ."

"ಈ ಥಂಡ್ಯಾಗ? ಇಷ್ಟು ರಾತ್ರ್ಯಾಗ?"

"ರೋಜಾ ಐತಿ ಅವಂದು. ಹಗಲಿ ಓಡಿದ್ರ ನೀರ ಕುಡ್ಯಾಕ ಬರೂದಿಲ್ಲ."

ಗಾಡಿಯವನು ಕೈ ಬಿಟ್ಟು ತರುಣನನ್ನು ಮೇಲಿಂದ ಕೆಳಗೆ ನೋಡಿದ. "ನೀನಽ ನಿಂತಿ ಅಂತ ಸಿಕ್ಕಿ ತಮ್ಮಾ. ಖರೆ ಕಳ್ಳ ಆಗಿದ್ರ ಸಿಗ್ತಿದ್ದಿಲ್ಲ," ಅಂದು ಎತ್ತುಗಳ ಕಡೆ ನಡೆದ.

ತರುಣ ದಸ್ತಗೀರ. ಕಲ್ಲೋಳಿಯ ಗಾದಿ ಮಾಡುವ ಹುಸೇನಸಾಬನ ಮಗ. ಹುಸೇನಸಾಬ ಅರಳೆ ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಕುಲಗೋಡ, ಕೌಜಲಗಿಯವರೆಗೆ ಊರೂರು ತಿರುಗುತ್ತಿದ್ದ. ಆದರೆ ಜನ ಅಂಗಡಿಯಿಂದ ಫೋಮಿನ ಗಾದಿ ತರಲು ಶುರು ಮಾಡಿದ್ದರು. ಆದ್ದರಿಂದ ಹಬ್ಬ ಮುಗಿದ ಮೇಲೆ ದಸ್ತಗೀರ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗುವುದು ಎಂದು ಮನೆಯಲ್ಲಿ ನಿಕ್ಕಿಯಾಗಿತ್ತು. ಅದನ್ನು ತಪ್ಪಿಸುವ ದಾರಿ ಒಂದೇ ಇತ್ತು. ಸಂಕ್ರಾಂತಿಯಾದ ಮೇಲೆ ಗೋಕಾಕದಿಂದ ಹುಕ್ಕೇರಿಯವರೆಗೆ ರಸ್ತೆ ಓಟವಿತ್ತು. ಮೊದಲ ಇಬ್ಬರಿಗೆ ಜಿಲ್ಲಾ ತಂಡದಲ್ಲಿ ಜಾಗ, ಆಮೇಲೆ ರಾಜ್ಯದ ಶಿಬಿರ. ಅಲ್ಲಿಂದ ಬಂದವರಿಗೆ ರೈಲ್ವೆಯಲ್ಲಿ ಕ್ರೀಡಾಪಟುಗಳ ಕೋಟಾದಡಿ ಕೆಲಸ ಸಿಕ್ಕ ಉದಾಹರಣೆಗಳಿದ್ದವು. ಹಿಂದಿನ ವರ್ಷ ಅದೇ ಓಟದಲ್ಲಿ ದಸ್ತಗೀರ ಮೂರನೆಯವನಾಗಿದ್ದ.

ಸೈಕಲ್ ಮೇಲಿದ್ದವರು ಜಿನ್ನಪ್ಪ ಮಾಸ್ತರು, ಹೈಸ್ಕೂಲಿನಲ್ಲಿ ಅವನಿಗೆ ಆಟ ಕಲಿಸಿದವರು. ರಂಜಾನ್ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ. "ಓಡೂದಕ್ಕ ರೋಜಾ ಬಿಡ್ತೀಯೋ, ರೋಜಾಕ್ಕ ಓಡೂದ ಬಿಡ್ತೀಯೋ?" ಎರಡೂ ಬಿಡೂದಿಲ್ರಿ ಅಂದನಂತೆ ಇವನು. "ಹಂಗಾದ್ರ ಹೊತ್ತಽ ಬದಲ ಮಾಡೂಣು," ಅಂದವರೇ ಮಾಸ್ತರು ಸೈಕಲ್ಲಿನ ಡೈನಮೊ ರಿಪೇರಿಗೆ ಕೊಟ್ಟಿದ್ದರು.

ಹೊತ್ತು ಬದಲಿಸುವುದು ಎಂದರೆ ಏನು ಎಂಬುದು ನನಗೆ ತಿಳಿದದ್ದು ಮಾಸ್ತರ ತೋಟದ ಮನೆಗೆ ಹೋದಾಗ. ಸುದ್ದಿ ಮಾಡುವ ಲೆಕ್ಕದಲ್ಲಿ ಹೋಗಿದ್ದೆ, ಆಮೇಲೆ ಸುದ್ದಿಯ ನೆಪ ಬೇಕಾಗಲಿಲ್ಲ. ಮಾಸ್ತರು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ ಎಂಬ ನಿಯಮ ಹಿಡಿದವರು. ಆ ಕಡೆ ದಸ್ತಗೀರನಿಗೆ ಹೊತ್ತು ಮುಳುಗುವ ತನಕ ಊಟವಿಲ್ಲ, ನೀರಿಲ್ಲ. ದಿನಾ ಸಂಜೆ ಇಬ್ಬರೂ ಮನೆಯ ಮುಂದಿನ ಕಟ್ಟೆಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕೂಡುತ್ತಿದ್ದರು. ಮಾಸ್ತರು ಸೂರ್ಯನ ಮೇಲೊಂದು ಕಣ್ಣಿಟ್ಟು ಅವಸರದಲ್ಲಿ ರೊಟ್ಟಿ ಮುರಿಯುವರು. ದಸ್ತಗೀರ ಕೈಯಲ್ಲಿ ಖರ್ಜೂರ ಹಿಡಿದು ಕಾಯುವನು. ಮಾಸ್ತರು ಕೈ ತೊಳೆದು, ಕುದಿಸಿ ಸೋಸಿದ ನೀರು ಕುಡಿದು ತಂಬಿಗೆ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಊರಿನ ಮಸೀದಿಯಿಂದ ಬಾಂಗು ಕೇಳುತ್ತಿತ್ತು. ಆಗ ಇವನು ಶುರು ಮಾಡುತ್ತಿದ್ದ.

ಮಾಸ್ತರ ಹೆಂಡತಿ ಪದ್ಮಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಒಬ್ಬಾಂವ ಹಗಲಿ ಉಣ್ಣಾಂವ, ಒಬ್ಬಾಂವ ರಾತ್ರಿ ಉಣ್ಣಾಂವ. ಇಬ್ಬರನ್ನೂ ಒಂದಽ ಮನ್ಯಾಗ ಇಟ್ಟಕೊಂಡ್ರ ನಾ ಒಲಿ ಆರಿಸೂದಽ ಬ್ಯಾಡ."

"ಕಾಕೂ, ಒಲಿ ಆರಿಸಿದ್ರೂ ನಡೀತೈತ್ರಿ, ಚಾ ಮಾತ್ರ ನಿಲ್ಲಿಸಬ್ಯಾಡ್ರಿ," ಅನ್ನುವನು ದಸ್ತಗೀರ.

ಮಸೀದಿಯಲ್ಲಿ ರಂಜಾನಿನ ಉದ್ದನೆಯ ರಾತ್ರಿ ನಮಾಜು ಮುಗಿದ ಮೇಲೆ ಓಟ. ಕಲ್ಲೋಳಿಯಿಂದ ಮೂಡಲಗಿ ಕಡೆಗೆ ಒಂದು ರಾತ್ರಿ, ಗೋಕಾಕದ ಕಡೆಗೆ ಒಂದು ರಾತ್ರಿ. ಸೈಕಲ್ಲಿನ ಹಿಡಿಕೆಗೆ ನೀರಿನ ಕ್ಯಾನು ನೇತಾಡುತ್ತಿತ್ತು. ಅದು ದಸ್ತಗೀರನಿಗೆ ಮಾತ್ರ. ಅಷ್ಟು ದೂರ ಸೈಕಲ್ ತುಳಿದರೂ ಮಾಸ್ತರು ಅದರಿಂದ ಒಂದು ಗುಟುಕು ಕುಡಿಯುವಂತಿರಲಿಲ್ಲ. ಮೊದಮೊದಲು ದಸ್ತಗೀರ ಅವರ ಎದುರು ಕುಡಿಯಲು ಸಂಕೋಚಪಟ್ಟು ಮುಖ ಆಚೆ ತಿರುಗಿಸಿದರೆ ಮಾಸ್ತರು ರೇಗುತ್ತಿದ್ದರು. "ಕುಡೀಲೇ. ನನ್ನ ನಿಯಮ ನಂದು. ನೀ ಕುಡಿದ್ರ ನನ್ನ ಗಂಟಲೇನ ಒಣಗೂದಿಲ್ಲ."

ರಸ್ತೆ ಬದಿಯಲ್ಲಿ ಒಂದು ಬೆಲ್ಲದ ಗಾಣವಿತ್ತು. ಹೋಗಿ ಬರುವವರಿಗೆ ಕಬ್ಬಿನ ಹಾಲು ಕುಡಿಸದೆ ಬಿಡುವ ರೂಢಿ ಆ ಗಾಣದವರಿಗೆ ಇರಲಿಲ್ಲ. ಒಂದು ರಾತ್ರಿ ಅವರು ದಸ್ತಗೀರನನ್ನು ನಿಲ್ಲಿಸಿ ದೊಡ್ಡ ಚರಿಗೆ ಕೊಟ್ಟರು. ಅವನು ಪೂರ್ತಿ ಕುಡಿದು ಓಡಿದ. ಕಾಲುವೆಯ ಹತ್ತಿರ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ರಸ್ತೆಯ ಅಂಚಿಗೆ ಕೂತುಬಿಟ್ಟ. ಮಾಸ್ತರು ಸೈಕಲ್ ನಿಲ್ಲಿಸಿ ಅವನು ನೆಟ್ಟಗಾಗುವವರೆಗೂ ಬೈದರು. "ಮದಿವಿಗಿ ಬಂದೀ ಏನ, ಕೊಟ್ಟದ್ದೆಲ್ಲಾ ಕುಡ್ಯಾಕ?" ಆದರೂ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಲು ದಸ್ತಗೀರನಿಗೆ ಕೊನೆಯವರೆಗೂ ಬರಲಿಲ್ಲ. ಆ ಗಾಣ ಬಂದಾಗೆಲ್ಲ ಮಾಸ್ತರೇ ಸೈಕಲ್ ಮುಂದೆ ಮಾಡಿ ಅವನನ್ನು ದಾಟಿಸಬೇಕಾಗುತ್ತಿತ್ತು.

ವಾರ ಎರಡು ವಾರದಲ್ಲಿ ಆ ರಸ್ತೆಯ ಗಾಡಿಯವರಿಗೆಲ್ಲ ಇವರ ಗುರುತಾಯಿತು. ನಾನು ಕಂಡ ಒಂದು ರಾತ್ರಿಯನ್ನು ಇಲ್ಲಿ ದಾಖಲಿಸಬೇಕು. ಅಮಾವಾಸ್ಯೆ ಹತ್ತಿರವಾಗಿತ್ತು. ಕರೆಂಟು ಹೋಗಿತ್ತು, ಸೈಕಲ್ಲಿನ ಡೈನಮೊ ಮತ್ತೆ ಕೈಕೊಟ್ಟಿತ್ತು. ಮಾಸ್ತರು ಓಟ ನಿಲ್ಲಿಸಲು ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ವೇಗ ಇಳಿಸಿದ. ಹಾರ್ನ್ ಹಾಕಲಿಲ್ಲ, ಟೇಪಿನ ಹಾಡು ಬಂದ್ ಮಾಡಿದ. ಅವನ ಹಿಂದಿನ ಟ್ರ್ಯಾಕ್ಟರೂ ನಿಧಾನಿಸಿತು, ಅದರ ಹಿಂದಿನದೂ. ದಸ್ತಗೀರನ ಓಟಕ್ಕೆ ತಕ್ಕ ವೇಗದಲ್ಲಿ ಇಡೀ ಸಾಲು ಬರತೊಡಗಿತು. ಮುಂದಿನ ಟ್ರ್ಯಾಕ್ಟರಿನ ಬೆಳಕು ಅವನ ಬೆನ್ನಿಗೆ ಬಿದ್ದು, ಅವನ ನೆರಳು ರಸ್ತೆಯುದ್ದಕ್ಕೂ ಚಾಚಿಕೊಂಡು ಅವನಿಗಿಂತ ಮುಂದೆ ಓಡುತ್ತಿತ್ತು. ಎರಡೂ ಬದಿಗೆ ಕಬ್ಬು ಗೋಡೆಯ ಹಾಗೆ ನಿಂತಿತ್ತು. ಕಲ್ಲೋಳಿಯ ಅಗಸಿ ಬಾಗಿಲು ಬಂದಾಗ ಡ್ರೈವರ್ ತಲೆ ಹೊರಗೆ ಹಾಕಿ, "ನಾಳಿ ಇದಽ ಹೊತ್ತಿಗೆ ಬರ್ರಿ, ನಂದು ಇನ್ನೊಂದು ಟ್ರಿಪ್ ಐತಿ," ಅಂದು ಹಾಡು ಹಚ್ಚಿಕೊಂಡು ಹೋದ. ನಾನು ರಸ್ತೆಯ ಬದಿಗೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು, ಆ ಸಾಲು ಪೂರ್ತಿ ದಾಟುವವರೆಗೆ ಹಾಗೆಯೇ ಕೂತಿದ್ದೆ.

ಓಟದ ದಿನ ಗೊತ್ತಿತ್ತು. ಹಬ್ಬದ ದಿನ ಗೊತ್ತಿರಲಿಲ್ಲ. ಅದು ಚಂದ್ರನ ಕೈಯಲ್ಲಿತ್ತು. ಓಟದ ಹಿಂದಿನ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ದಸ್ತಗೀರ ಎಲ್ಲರ ಹಾಗೆ ನೀರು ಕುಡಿಯುತ್ತ ಓಡಬಹುದು. ಕಾಣದಿದ್ದರೆ ಮೂವತ್ತನೆಯ ರೋಜಾ. ರಾತ್ರಿ ಓಡಿದ್ದೆಲ್ಲ ಈ ಹಗಲಿಗಾಗಿ, ಆದರೆ ಈ ಹಗಲಲ್ಲಿ ನೀರಿಲ್ಲ. ಮಾಸ್ತರು ಒಂದು ದಿನ ಮುಂದೂಡಿರೆಂದು ಕೇಳಲು ಹುಕ್ಕೇರಿಯವರೆಗೆ ಹೋಗಿ ಬಂದರು. ಓಟದ ತೀರ್ಪು ಕೊಡುವ ಪಂಚರು ಹೊರಗಿನಿಂದ ಬರುವವರು, ಬದಲಿಸಲು ಆಗುವುದಿಲ್ಲ ಎಂದು ಸಂಘಟಕರು ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಸಂಜೆ ಮಸೀದಿಯ ಮಾಳಿಗೆಯ ಮೇಲೆ ಅರ್ಧ ಊರು ಹತ್ತಿತ್ತು. ಮಾಸ್ತರು ಮತ್ತು ನಾನು ಕೆಳಗೆ ನಿಂತು ಅದೇ ದಿಕ್ಕಿಗೆ ನೋಡಿದೆವು. ಸುಗ್ಗಿಯ ಮಂಜು, ಅದರ ಮೇಲೆ ರವದಿಯ ಹೊಗೆ. ಪಶ್ಚಿಮವೆಲ್ಲ ಕಂದು ಬಣ್ಣದ ಪರದೆಯಂತಿತ್ತು. ಮಾಸ್ತರು ತಮ್ಮ ಊರಿನವರನ್ನೇ ಬೈದರು. "ಇವತ್ತಽ ಸುಡಬೇಕಿತ್ತಾ ಇವರಿಗಿ?" ಗೋಕಾಕಕ್ಕೆ ಫೋನು ಹೋಯಿತು. ಅಲ್ಲಿಯೂ ಕಂಡಿರಲಿಲ್ಲ. ರಾತ್ರಿ ನಮಾಜು ಮುಗಿದ ಮೇಲೆ ಮೈಕಿನಲ್ಲಿ ನಾಳೆ ರೋಜಾ ಎಂದು ಸಾರಿದರು.

ಹುಸೇನಸಾಬನ ಮನೆಯ ಮುಂದೆ ಅರಳೆಯ ಮೂಟೆಗಳ ಮೇಲೆ ನಾವು ನಾಲ್ವರೂ ಕೂತೆವು. ಹುಸೇನಸಾಬ ಮಗನಿಗೆ ಹೇಳಿದ. "ನಿನ್ನ ರೋಜಾ ನಿಂದು. ನಾ ಇಡು ಅನ್ನೂದಿಲ್ಲ, ಬಿಡು ಅನ್ನೂದಿಲ್ಲ. ಇಚಲಕರಂಜಿಗಿ ಹೋಗಾಕ ಹೆದರಿ ಬಿಡಬ್ಯಾಡ. ಮಂದಿ ಏನಂತಾರ ಅಂತ ಇಡಬ್ಯಾಡ."

"ಇಡ್ತೇನಿ ಅಬ್ಬಾ," ಅಂದ ದಸ್ತಗೀರ. ಅಷ್ಟೇ.

ಮಾಸ್ತರು ಮಾತ್ರ ಒಂದು ಕರಾರು ಹಾಕಿದರು. "ನಾ ಬಾಜೂಕ ಸೈಕಲ್ ಮ್ಯಾಲ ಇರ್ತೇನಿ. ನಡುನಡುವ ಒಂದು ಮಾತ ಕೇಳ್ತೇನಿ. ಸರಿ ಉತ್ತರ ಬರ್ಲಿಲ್ಲಂದ್ರ ಅಲ್ಲೇ ನಿಲ್ಲಿಸ್ತೇನಿ. ತಕರಾರ ಮಾಡೂವಂಗಿಲ್ಲ. ಓಟ ಮುಂದಿನ ವರ್ಷನೂ ಬರ್ತೈತಿ, ನೀ ಬರಬೇಕಲಾ?"

ನನ್ನ ಕಡೆ ತಿರುಗಿ ದಸ್ತಗೀರನೂ ಒಂದು ಕರಾರು ಹಾಕಿದ. "ಸರ, ರೋಜಾ ಇದ್ದದ್ದು ಪೇಪರಿನ್ಯಾಗ ಹಾಕಬ್ಯಾಡ್ರಿ. ಸೋತ್ರ ಅದು ನೆವ ಆಕ್ಕೈತಿ. ಗೆದ್ರ ಜಂಬ ಆಕ್ಕೈತಿ. ಅದು ನನ್ನ ಮತ್ತ ಅಲ್ಲಾನ ನಡುವಿಂದು." ನಾನು ಒಪ್ಪಿದೆ.

ಮರುದಿನ ಬೆಳಕು ಹರಿದ ಮೇಲೆ ಗೋಕಾಕದಿಂದ ಓಟ ಶುರುವಾಯಿತು. ನಾನು ಸಂಘಟಕರ ಜೀಪಿನಲ್ಲಿದ್ದೆ. ಘಟಪ್ರಭಾ ದಾಟುವವರೆಗೂ ಥಂಡಿ ಅವನ ಪರವಾಗಿತ್ತು. ಮುಂದೆ ಇಬ್ಬರು, ಅವರ ಹಿಂದೆ ಇವನು. ಒಂದು ಚಹಾ ಅಂಗಡಿಯ ಹತ್ತಿರ ಜೀಪು ನಿಂತಾಗ ನಾನು ಮಾಸ್ತರನ್ನು ಕರೆದು ಚಹಾ ಚಾಚಿದೆ. "ಆಮ್ಯಾಗ," ಅಂದು ತುಳಿಯುತ್ತ ಹೋದರು. ಕ್ಯಾನು ಹಿಡಿಕೆಯಲ್ಲಿ ತುಂಬಿಯೇ ಇತ್ತು. ತಡೆಯಲಾರದೆ ಅವನು ಬಿದ್ದರೆ ಇರಲಿ ಎಂದು ತಂದಿದ್ದಾರೆ ಅಂದುಕೊಂಡೆ.

ಹೊತ್ತು ಏರಿತು. ಹುಕ್ಕೇರಿಯ ಕಡೆಗೆ ಮರಗಳು ಕಡಿಮೆಯಾಗುತ್ತವೆ. ದಸ್ತಗೀರನ ತುಟಿ ಬೆಳ್ಳಗಾಗಿದ್ದು ಜೀಪಿನಿಂದಲೇ ಕಾಣುತ್ತಿತ್ತು. ರಸ್ತೆಯ ಜನ ನೀರು ಎರಚಿದರೆ ತಲೆ ಒಡ್ಡುತ್ತಿದ್ದ, ಬಾಯಿ ಬಿಗಿ ಹಿಡಿಯುತ್ತಿದ್ದ. ಮಾಸ್ತರು ಪಕ್ಕಕ್ಕೆ ಬಂದು ಕೇಳುವರು.

"ನಿಮ್ಮಪ್ಪನ ಹೆಸರೇನಲೇ?"

"ಹುಸೇನಸಾಬ."

ಇನ್ನೊಂದು ಊರು ದಾಟಿದ ಮೇಲೆ ಮತ್ತೆ ಅದೇ ಪ್ರಶ್ನೆ.

"ಹುಸೇನಸಾಬನಽ ರೀ. ಮುಂಜಾನಿಂದ ಬದಲಾಗಿಲ್ಲ."

ಜೀಪಿನಲ್ಲಿದ್ದ ಪಂಚರೊಬ್ಬರು ನಕ್ಕರು. ಮಾಸ್ತರು ನಗಲಿಲ್ಲ. ಅವರ ಮುಖವೂ ಬೆವರಿ ಒಣಗಿ ಉಪ್ಪುಗಟ್ಟಿದ ಹಾಗಿತ್ತು.

ಕೊನೆಯ ಏರಿಗೆ ಮುಂಚೆ ರಸ್ತೆಗೆ ಹತ್ತಿಕೊಂಡೇ ಒಂದು ಗಾಣವಿತ್ತು. ಗಾಣದವರು ಓಟಗಾರರಿಗಾಗಿ ಬೆಳಗಿನಿಂದ ಕಬ್ಬಿನ ಹಾಲು ತೆಗೆದು, ಗ್ಲಾಸುಗಳಲ್ಲಿ ತುಂಬಿ ರಸ್ತೆಯ ಮೇಲೇ ಬಂದು ನಿಂತಿದ್ದರು. ಬೇರೆ ಯಾವ ಸೀಮೆಯವರಿಗೂ ಈ ಉಪಚಾರ ಹೊಳೆಯಲಿಕ್ಕಿಲ್ಲ. ಮೊದಲನೆಯವನು ಕೈ ಆಡಿಸಿ ಹೋದ. ಎರಡನೆಯವನು ಒಂದು ಗ್ಲಾಸು ಕುಡಿದ. "ಇನ್ನೊಂದ ಕುಡೀರಿ, ಏರು ಐತಿ ಮುಂದ," ಅಂದರು ಗಾಣದವರು. ಅವನು ಇನ್ನೊಂದೂ ಕುಡಿದ. ದಸ್ತಗೀರ ಬಂದಾಗ ಒಬ್ಬ ಮುದುಕ ಗ್ಲಾಸು ಹಿಡಿದು ಅವನ ಜೊತೆ ನಾಲ್ಕು ಹೆಜ್ಜೆ ಓಡಿದ. ದಸ್ತಗೀರ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಮುಂದೆ ಹೋದ.

ಏರಿನ ನಡುವೆ ಎರಡನೆಯವನು ಪಕ್ಕೆ ಒತ್ತಿಕೊಂಡು ನಡೆಯತೊಡಗಿದ. ಮತ್ತೆ ಓಡಿದ, ಮತ್ತೆ ನಿಂತ. ದಸ್ತಗೀರ ಅವನನ್ನು ದಾಟುವಾಗ ವೇಗ ಹೆಚ್ಚಿಸಲಿಲ್ಲ, ಹೆಚ್ಚಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ. ಕಲ್ಲೋಳಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಬೆಳಕಿನ ಮುಂದೆ ಓಡುತ್ತಿದ್ದನಲ್ಲ, ಅದೇ ಹೆಜ್ಜೆ, ಅದೇ ಅಳತೆ. ಅವನ ಮುಂದೆ ಈಗ ಆ ಉದ್ದನೆಯ ನೆರಳೂ ಇರಲಿಲ್ಲ. ಕ್ರೀಡೆಯ ವರದಿ ಎಷ್ಟೋ ಬರೆದಿದ್ದೇನೆ. ಮನುಷ್ಯನ ದೇಹ ಬರೀ ರೂಢಿಯ ಬಲದಿಂದ ಮುಂದೆ ಹೋಗುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೊಂದೇ ಸಲ.

ಹುಕ್ಕೇರಿಯಲ್ಲಿ ಅವನು ಎರಡನೆಯವನಾಗಿ ಗೆರೆ ದಾಟಿದ. ದಾಟಿ ಒಂದು ಗೋಡೆಗೆ ಒರಗಿ ಕೂತ. ಎಳನೀರು ಹಿಡಿದು ಬಂದವರಿಗೆ ಮಾಸ್ತರು ಅಡ್ಡ ನಿಂತರು. ಬಂದವರು ಮಾಸ್ತರ ಕೈಗೇ ಒಂದು ಎಳನೀರು ಕೊಟ್ಟರು. ಮಾಸ್ತರು ಅದನ್ನು, ಆಗಷ್ಟೇ ಕುಂಟುತ್ತ ಬಂದು ಗೆರೆ ದಾಟಿದ ಆ ಕಬ್ಬಿನ ಹಾಲಿನ ಹುಡುಗನಿಗೆ ಕೊಟ್ಟರು.

"ರೋಜಾ ಇದ್ದಿದ್ದಿಲ್ಲಂದ್ರ ಆ ಮುದುಕನ ಗ್ಲಾಸ ನಾನೂ ಕುಡೀತಿದ್ನಿ ಸರ," ಅಂದ ದಸ್ತಗೀರ, ಮಾತಾಡಲು ಬಂದಾಗ. "ಎರಡಲ್ಲ, ಮೂರ."

ಸುದ್ದಿ ಫ್ಯಾಕ್ಸ್ ಮಾಡಿ, ಸಂಜೆಗೆ ಮಾಸ್ತರ ತೋಟಕ್ಕೆ ಹೋದೆ. ದಸ್ತಗೀರ ಮಧ್ಯಾಹ್ನವೆಲ್ಲ ಅವರ ಪಡಸಾಲೆಯಲ್ಲಿ ಮಲಗಿ ಎದ್ದಿದ್ದ. ಇಚಲಕರಂಜಿಗೆ ಹೇಳಿ ಕಳಿಸಿದ್ದನ್ನು ಹುಸೇನಸಾಬ ವಾಪಸು ತೆಗೆದುಕೊಂಡಿದ್ದ. ಮೂವತ್ತು ತುಂಬಿದ್ದರಿಂದ ನಾಳೆ ಹಬ್ಬವೇ, ಚಂದ್ರನನ್ನು ಹುಡುಕುವ ಕೆಲಸವಿರಲಿಲ್ಲ. ಆ ಸಂಜೆ ಹೊಗೆಯೂ ಇರಲಿಲ್ಲ, ಪಶ್ಚಿಮ ತೊಳೆದಂತೆ ಸ್ವಚ್ಛವಾಗಿತ್ತು. ಕಬ್ಬಿನ ತುದಿಯ ಸೂಲಂಗಿ ಹೂವಿನ ಬಿಳಿ ಗರಿಗಳ ಮೇಲೆ ಸೂರ್ಯ ಇಳಿದಿದ್ದ. ಇಬ್ಬರೂ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದರು. ಆದರೆ ಮಾಸ್ತರ ಮುಂದೆ ತಾಟು ಇರಲಿಲ್ಲ.

ಪದ್ಮಕ್ಕ ತಂಬಿಗೆ ಹಿಡಿದು ಹೊರಗೆ ಬಂದರು. ಅವರ ದನಿ ಎಂದಿನಂತಿರಲಿಲ್ಲ. "ಮುಂಜಾನಿ ಕುದಿಸಿ ಕೊಟ್ಟ ನೀರು ಕ್ಯಾನಿನ್ಯಾಗ ಹಂಗಽ ಐತಿ. ಬಂದಮ್ಯಾಲೂ ಒಂದು ಹನಿ ಮುಟ್ಟಿಲ್ಲ. ನಿನ್ನೆ ಸಂಜಿಂದ ಬಾಯಾಗ ಏನೂ ಇಲ್ಲ. ಈಗೂ ಬ್ಯಾಡ ಅಂತಾರ. ಇನ್ನ ಹೊತ್ತು ಮುಳುಗಿದ್ರ ನಾಳಿ ಮುಂಜಾನಿ ತನಕ ಇಲ್ಲ."

ಚಹಾ, ಎಳನೀರು, ತುಂಬಿದ ಕ್ಯಾನು. ಇಡೀ ದಿನ ಕಣ್ಣೆದುರಿಗೇ ಇದ್ದದ್ದು ನನಗೆ ಆಗ ಅರ್ಥವಾಯಿತು. ದಸ್ತಗೀರ ಕಟ್ಟೆಯಿಂದ ಕೆಳಗಿಳಿದು ನಿಂತ.

"ಖರೆ ಏನ್ರಿ ಮಾಸ್ತರ? ರೋಜಾ ನಂದು. ನೀವ್ಯಾಕ್ರಿ?"

ಮಾಸ್ತರು ಅವನನ್ನು ನೋಡಲಿಲ್ಲ. "ನಿನಗ ಕುಡಿ ಅನ್ನಾಕ ಬರ್ತಿದ್ದಿಲ್ಲ. ನಿನ್ನ ಬಾಜೂಕ ನಾ ಕುಡ್ಯಾಕ ಮನಸಾಗ್ಲಿಲ್ಲ. ಅಷ್ಟಽ. ಅದರಾಗೇನೈತಿ, ಕುಂದರ. ನಿಂದು ಬಾಂಗ ಆಗ್ಲಿ, ನೀ ರೋಜಾ ಬಿಡು."

ಸೂರ್ಯನ ಕೆಳಗಿನ ಅಂಚು ಕಬ್ಬಿಗೆ ತಾಗಿತ್ತು. ದಸ್ತಗೀರ ಪದ್ಮಕ್ಕನ ಕೈಯಿಂದ ತಂಬಿಗೆ ತೆಗೆದುಕೊಂಡು ಮಾಸ್ತರ ಮುಂದೆ ಹಿಡಿದ.

"ತಿಂಗಳಾ ಪೂರ್ತಿ ನೀವು ಹೇಳಿದಂಗ ನಾ ಓಡೇನಿ. ಒಂದ ಸಲ ನಾ ಹೇಳಿದಂಗ ನೀವು ಕುಡೀರಿ. ಇನ್ನೂ ಐತಿ ನೋಡ್ರಿ ಹೊತ್ತು."

ಮಾಸ್ತರು ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ಅವನನ್ನು. ಆಮೇಲೆ ತಂಬಿಗೆ ಎತ್ತಿ ಹಿಡಿದು, ತುಟಿಗೆ ತಾಗಿಸದೆ, ನಿಲ್ಲಿಸದೆ ಕುಡಿದರು. ಗಂಟಲು ಏರಿ ಇಳಿಯುವುದನ್ನು ನಾವು ಮೂವರೂ ನೋಡುತ್ತ ನಿಂತೆವು. ಅರ್ಧ ಉಳಿಸಿ ಅವರು ತಂಬಿಗೆಯನ್ನು ಕೆಳಗಿಡಲಿಲ್ಲ, ದಸ್ತಗೀರನ ಕಡೆಗೆ ಚಾಚಿದರು. ಅವನು ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.

ತಂಬಿಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು.